ಸೊಪ್ಪಿನ ಬೆಟ್ಟದ ಮಾತನ್ನು ಹೊರದೇಶಕ್ಕೆ ತಲುಪಿಸುವುದು ಹೇಗೆ? ಊರಿನ ಆರೋಗ್ಯಕ್ಕೆ ದುಡಿಯುವವರಿಗೆ ಒಂದು ಮಾರ್ಗದರ್ಶಿ

ಕೊಪ್ಪ ತಾಲ್ಲೂಕಿನ ಒಂದು ಮನೆಯ ಜಗಲಿ. ಜನವರಿ ತಿಂಗಳು, ಅಡಿಕೆ ಕೊಯ್ಲು ಮುಗಿಯುತ್ತಿದ್ದ ಹೊತ್ತು. ಮಂಗನ ಕಾಯಿಲೆ ಬಗ್ಗೆ ಸಮೀಕ್ಷೆಗೆ ಬಂದ ಹುಡುಗ ಟ್ಯಾಬ್ ಹಿಡಿದುಕೊಂಡು ಕೇಳಿದ: "ಅಮ್ಮಾ, ನೀವು ಕಾಡಿಗೆ ಹೋಗ್ತೀರಾ?"

"ಇಲ್ಲಪ್ಪ, ನಾವ್ಯಾಕೆ ಕಾಡಿಗೆ ಹೋಗೋಣ."

ಅವನು "ಇಲ್ಲ" ಒತ್ತಿ ಮುಂದಿನ ಪ್ರಶ್ನೆಗೆ ಹೋದ. ಆ ಅಮ್ಮನ ಬೆನ್ನ ಹಿಂದೆ, ಕೊಟ್ಟಿಗೆ ಬಾಗಿಲಲ್ಲಿ, ಬೆಳಿಗ್ಗೆ ಹೊತ್ತು ತಂದ ದರಗಿನ (ಉದುರಿದ ಒಣ ಎಲೆಯ) ಹೆಡಿಗೆ ಇನ್ನೂ ಸುರಿಯದೆ ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ. "ಸೊಪ್ಪಿನ ಬೆಟ್ಟಕ್ಕೆ ಹೋಗ್ತೀರಲ್ವಾ?" ಅಂದೆ.

"ಅಲ್ಲಿಗೆ ದಿನಾ ಹೋಗ್ಲೇಬೇಕಲ್ಲ. ಸೊಪ್ಪು ದರಗು ಇಲ್ದೆ ಕೊಟ್ಟಿಗೆ ನಡೀತದಾ?"

ಆ ಪ್ರಶ್ನೆಗಳನ್ನು ಮೊದಲು ಇಂಗ್ಲಿಷಿನಲ್ಲಿ ಬರೆದಿದ್ದರು. ಆಮೇಲೆ ಎಲ್ಲೋ ಕೂತು ಕನ್ನಡಕ್ಕೆ ತಂದಿದ್ದರು. ಫಾರೆಸ್ಟ್ ಅಂದರೆ ಕಾಡು, ಪದವೇನೋ ಸರಿ. ಆದರೆ ಮಲೆನಾಡಿನ ಮನೆಯವರಿಗೆ ಕಾಡು ಅಂದರೆ ಸರ್ಕಾರದ್ದು, ಆಚೆಗಿನದು. ಸೊಪ್ಪಿನ ಬೆಟ್ಟ ಮನೆಯದೇ ಒಂದು ತುಂಡು. ಮಂಗನ ಕಾಯಿಲೆ ಹರಡುವ ಉಣುಗಿಗೆ ಈ ಗಡಿ ಗೊತ್ತಿಲ್ಲ. ಕಾಲಿಗೆ ಹತ್ತುವುದು ಅಲ್ಲೇ. ಅಂಥ "ಇಲ್ಲ" ನೂರು ಮನೆಗಳಲ್ಲಿ ಒತ್ತಿದರೆ, ದೂರದಲ್ಲಿ ಲೆಕ್ಕ ಹಾಕುವವರಿಗೆ ಈ ಊರಿನವರು ಕಾಡಿನ ಹತ್ತಿರಕ್ಕೇ ಹೋಗುವುದಿಲ್ಲ ಅಂತ ಕಾಣುತ್ತದೆ. ಆ ಲೆಕ್ಕದ ಮೇಲೆ ಉಣುಗು ಹತ್ತದಂತೆ ಹಚ್ಚುವ ತೈಲ ಯಾರಿಗೆ ಕೊಡಬೇಕು, ಎಚ್ಚರಿಕೆ ಯಾರಿಗೆ ಹೇಳಬೇಕು ಅನ್ನುವುದು ತೀರ್ಮಾನವಾಗುತ್ತದೆ.

ಹೊರದೇಶದ ಆರೋಗ್ಯ ಜಾಲಗಳ ಜೊತೆ ಸೇರುವುದು ಅಂದರೆ ದುಡ್ಡು ಕೇಳುವುದು, ಇಲ್ಲವೇ ಸರ್ಟಿಫಿಕೇಟ್ ತರುವುದು ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಆ ಜಗಲಿಯಲ್ಲಿ ನನಗೆ ಅರ್ಥವಾಗಿದ್ದು ಬೇರೆ. ಅವರ ಹತ್ತಿರ ಲ್ಯಾಬ್ ಇದೆ, ಲೆಕ್ಕ ಇದೆ, ಬೇರೆ ದೇಶಗಳ ಅನುಭವ ಇದೆ. ನಮ್ಮ ಹತ್ತಿರ ಸೊಪ್ಪಿನ ಬೆಟ್ಟ ಅನ್ನುವ ಮಾತಿದೆ. ಎರಡೂ ಸೇರದಿದ್ದರೆ ಕೆಲಸ ಆಗುವುದಿಲ್ಲ. ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಪಂಚಾಯ್ತಿ ಸದಸ್ಯರು, ಚಿಕ್ಕ ಸಂಘದವರು ಇದನ್ನು ಹೇಗೆ ಮಾಡಬಹುದು ಅಂತ ನಮ್ಮ ಗುಂಪು ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ನಮಗೆ ಹೊಸದೇನೂ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನ ಜ್ವರ ಹಿಡಿದು ಮಲಗಿದರು. ಆಗ ಎಲ್ಲರಿಗೂ ಬಂದ ದೊಡ್ಡ ಭಯ ಅಂದರೆ, ಏಷ್ಯಾದಲ್ಲಿ ಇಲ್ಲದ ಯೆಲ್ಲೋ ಫೀವರ್ ಬಂದುಬಿಟ್ಟಿತೇ ಅಂತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರು. ಆ ಕೇಂದ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಶುರು ಮಾಡಿದ್ದವು. ಸಿಕ್ಕಿದ್ದು ಹೊಸ ವೈರಸ್, ಇದೇ ಮಂಗನ ಕಾಯಿಲೆಯದು. ಅದರ ನೆಂಟ ಇದ್ದದ್ದು ರಷ್ಯಾದ ಕಾಡಿನ ಉಣುಗು ಜ್ವರದಲ್ಲಿ. ನಮ್ಮ ಪಕ್ಕದ ಊರಿನ ಕಾಯಿಲೆಗೆ ಹೆಸರು ಸಿಕ್ಕಿದ್ದೇ ಹೀಗೆ ದೇಶ ದೇಶಗಳ ತಿಳಿವಳಿಕೆ ಕೂಡಿದ್ದರಿಂದ.

ಮೊದಲ ಹೆಜ್ಜೆ: ಒಂದೇ ಪ್ರಶ್ನೆ ಹಿಡಿದುಕೊಳ್ಳಿ

"ನಮ್ಮ ತಾಲ್ಲೂಕಿನ ಆರೋಗ್ಯ ಸುಧಾರಿಸಬೇಕು" ಅಂತ ಬರೆದರೆ ಯಾರೂ ಉತ್ತರ ಕೊಡುವುದಿಲ್ಲ. ಕೊಡಲು ಅವರಿಗೂ ಏನೂ ಸಿಗುವುದಿಲ್ಲ. ಪ್ರಶ್ನೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಿರಲಿ. ನಮ್ಮ ಗುಂಪಿನ ಪ್ರಶ್ನೆ ಹೀಗಿತ್ತು: ಆರೋಗ್ಯ ಇಲಾಖೆ ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಡೆಪಾ ತೈಲ ಕೊಡುತ್ತದೆ. ಅದನ್ನು ತೆಗೆದುಕೊಂಡವರಲ್ಲಿ ಯಾರು ಹಚ್ಚುತ್ತಿಲ್ಲ, ಯಾಕೆ?

ಮನೆ ಮನೆಗೆ ಹೋಗಿ ಸುಮ್ನೆ ಕೂತು ಮಾತಾಡಿದಾಗ ಉತ್ತರ ಬರತೊಡಗಿತು. ವಾಸನೆ ಆಗುವುದಿಲ್ಲ. ಬೆವರಿದಾಗ ಅಂಟಂಟು. ಗಂಡಸರು ಹಚ್ಚಿಕೊಳ್ಳುತ್ತಾರೆ, ದರಗು ಗುಡಿಸುವ ಹೆಂಗಸರಿಗೆ ಬಾಟಲಿ ಸಿಗುವುದೇ ಇಲ್ಲ. ಒಬ್ಬ ಅಜ್ಜಿ ಬಾಟಲಿಯನ್ನು ದೇವರ ಕೋಣೆಯ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದರು, "ಜ್ವರ ಬಂದಾಗ ಹಚ್ಚೋಣ ಅಂತ". ತೈಲ ಔಷಧಿಯಲ್ಲ, ಹೋಗುವ ಮೊದಲು ಹಚ್ಚುವಂಥದ್ದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇಂಥ ಉತ್ತರ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೂತವರಿಗೆ ಹೊಳೆಯುವುದಿಲ್ಲ.

ನಿಮ್ಮ ಊರಿನ ಪ್ರಶ್ನೆ ಬೇರೆ ಇರಬಹುದು. ಸಕಲೇಶಪುರದ ಕಾಫಿ ತೋಟದಲ್ಲಿ ಹಾವು ಕಚ್ಚಿದವರು ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕು? ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ಒದ್ದೆ ಎಲೆ ಮುರಿಯುವವರಿಗೆ ತಲೆಸುತ್ತು, ವಾಂತಿ ಯಾವ ತಿಂಗಳಲ್ಲಿ ಜಾಸ್ತಿ? ಕಡೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ? ಒಂದನ್ನೇ ಹಿಡಿಯಿರಿ.

ಎರಡನೇ ಹೆಜ್ಜೆ: ನೋಟ್‌ಬುಕ್

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ಇದಕ್ಕೆ ಒಂದು ವರ್ಷ ಹೋದರೂ ಪರವಾಗಿಲ್ಲ.

ನೂರು ಪುಟದ ಗೆರೆ ನೋಟ್‌ಬುಕ್ ಸಾಕು. ಮಂಗನ ಕಾಯಿಲೆಗಾದರೆ ನಾವು ಬರೆಯುವುದು ಇಷ್ಟು: ತಾರೀಕು, ಮಂಗ ಬಿದ್ದ ಜಾಗ, ಕೆಂಪು ಮುಖದ ಮಂಗವೋ ಕಪ್ಪು ಮುಖದ ಮುಸುವವೋ, ಮೊದಲು ನೋಡಿದವರು ಯಾರು, ಆರೋಗ್ಯ ಇಲಾಖೆಗೆ ಎಷ್ಟು ಗಂಟೆಗೆ ಹೇಳಿದೆವು, ಅವರು ಎಷ್ಟು ಗಂಟೆಗೆ ಬಂದರು. ಕೊನೆಯ ಎರಡು ಸಾಲು ಬಿಡಬೇಡಿ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ದರಗಿಗೆ ಸೇರುತ್ತವೆ. ಆ ಜಾಗಕ್ಕೆ ಜನ, ದನ ಹೋಗದ ಹಾಗೆ ನೋಡಿಕೊಂಡು ಉಣುಗು ಕೊಲ್ಲುವ ಪುಡಿ ಹೊಡೆಯುವುದು ಎಷ್ಟು ಬೇಗ ಆಗುತ್ತದೋ ಅಷ್ಟು ಒಳ್ಳೆಯದು. ಎಷ್ಟು ತಡವಾಯಿತು ಅನ್ನುವುದು ನಾಳೆ ನೀವು ನೀತಿ ಬದಲಿಸಲು ಕೇಳುವಾಗ ಕೈಗೆ ಬರುವ ಲೆಕ್ಕ. ಸತ್ತ ಮಂಗವನ್ನು ಮುಟ್ಟಬೇಡಿ, ಫೋಟೋಗೆ ಅಂತ ಹತ್ತಿರವೂ ಹೋಗಬೇಡಿ.

ಬರೆಯುವಾಗ ಜನ ಹೇಳಿದ ಪದವನ್ನೇ ಬರೆಯಿರಿ. "ಕಾಡು" ಅಂತ ತಿದ್ದಬೇಡಿ. ಸೊಪ್ಪಿನ ಬೆಟ್ಟ, ಕಾನು, ಹಾಡ್ಯ, ಹಕ್ಕಲು, ತೋಟದ ಅಂಚು, ಇವೆಲ್ಲ ಬೇರೆ ಬೇರೆ ಜಾಗ. ಒಂದೊಂದರಲ್ಲೂ ನೆರಳು ಬೇರೆ, ದನ ತಿರುಗುವುದು ಬೇರೆ, ಉಣುಗು ಬೇರೆ. ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಏಟ್ರೀ (ಪರಿಸರ ಸಂಶೋಧನಾ ಸಂಸ್ಥೆ), ನಿವೇದಿ (ಪ್ರಾಣಿಗಳ ಕಾಯಿಲೆ ಅಧ್ಯಯನ ಮಾಡುವ ಸಂಸ್ಥೆ), ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಸೇರಿ ಮಂಕಿ ಫೀವರ್ ರಿಸ್ಕ್ ಅನ್ನುವ ಯೋಜನೆಯಲ್ಲಿ ಕೆಲಸ ಮಾಡಿದರು. 2020ರಲ್ಲಿ ಅವರು ಹೇಳಿದ್ದು ಇದನ್ನೇ: ಸದಾ ಹಸಿರಾಗಿರುವ ಕಾಡು ಮತ್ತು ತೋಟ ಬೆರೆತ ಜಾಗಗಳಲ್ಲಿ, ನಾಟಿ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು. ಅಂದರೆ ಅಪಾಯ ಇರುವುದು ನಡುಗಾಡಿನಲ್ಲಿ ಮಾತ್ರ ಅಲ್ಲ, ನಮ್ಮ ಬೇಲಿಯ ಪಕ್ಕದಲ್ಲಿ. ಆ ಬೇಲಿಯ ಹೆಸರು ಗೊತ್ತಿರುವುದು ನಮಗೆ.

ಇನ್ನೊಂದು ಮಾತು. ಕಾಯಿಲೆಯಾದವರ ಹೆಸರು, ಮನೆ ನಂಬರ್, ಫೋನ್ ಬೇರೆ ಪುಸ್ತಕದಲ್ಲಿರಲಿ. ಆ ಪುಸ್ತಕ ಊರು ಬಿಟ್ಟು ಹೋಗಬಾರದು. ಹೊರಗೆ ಕಳಿಸುವ ಹಾಳೆಯಲ್ಲಿ ಬರೀ ಸಂಖ್ಯೆ ಇರಲಿ. ಇದನ್ನು ನಾವು ನೋವಿನಿಂದ ಕಲಿತೆವು. ಒಂದು ಸಲ ಹೊರಗಿನಿಂದ ಬಂದ ತಂಡವೊಂದು ನಮ್ಮ ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡು ಹೋಯಿತು. ಕೆಲವು ತಿಂಗಳ ನಂತರ ನಮ್ಮ ಹಳ್ಳಿಯ ಹೆಸರು ಕೆಂಪು ಚುಕ್ಕಿಯಾಗಿ ನಕ್ಷೆಯಲ್ಲಿ ಬಂತು. ನಮ್ಮನ್ನು ಒಂದು ಮಾತೂ ಕೇಳಿರಲಿಲ್ಲ. ಮುಂದಿನ ಕೊಯ್ಲಿಗೆ ಬರಬೇಕಿದ್ದ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು "ಆ ಊರಿಗೆ ಬರಲ್ಲ" ಅಂದರು. ಒಂದು ಮನೆಯವರ ಅಡಿಕೆ ಮರದಲ್ಲೇ ಹಣ್ಣಾಯಿತು. ಅವರ ಮುಖ ನೋಡುವುದು ನನಗೆ ಕಷ್ಟವಾಗಿತ್ತು. ಕಾಯಿಲೆಗಳಿಗೆ ಊರಿನ ಹೆಸರು ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಹೇಳಿದೆ. ಮಂಗನ ಕಾಯಿಲೆಗೆ ಕ್ಯಾಸನೂರು ಕಾಡಿನ ಕಾಯಿಲೆ ಅನ್ನುವ ಹೆಸರು ಅಂಟಿದ್ದು ಅದಕ್ಕೂ ಮೊದಲು, ಇನ್ನೂ ಬಿಟ್ಟಿಲ್ಲ.

ಮೂರನೇ ಹೆಜ್ಜೆ: ಮೊದಲು ಜಿಲ್ಲೆಯ ಬಾಗಿಲು ತಟ್ಟಿ

ನೇರವಾಗಿ ಹೊರದೇಶಕ್ಕೆ ಬರೆಯುವ ಮೊದಲು ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಪತ್ರ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅವರ ವಿರುದ್ಧ ದೂರು ಒಯ್ಯುತ್ತಿದ್ದೇವೆ ಅಂತ ಅನ್ನಿಸಿದರೆ ಮುಂದೆ ಎಲ್ಲ ಕೆಲಸವೂ ನಿಲ್ಲುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಪ್ರಶ್ನೆ ಇಟ್ಟು ನಡಾವಳಿಯಲ್ಲಿ ಬರೆಸಿ. ಹಾಸನದಲ್ಲಿ ಹಿಮ್ಸ್ ಇದೆ, ಚಿಕ್ಕಮಗಳೂರಿನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಸಮುದಾಯ ವೈದ್ಯಕೀಯ ವಿಭಾಗದವರನ್ನು ಕೇಳಿ. ಪ್ರಾಣಿಗೆ ಸಂಬಂಧಪಟ್ಟದ್ದಾದರೆ ಹಾಸನದ ಪಶುವೈದ್ಯಕೀಯ ಕಾಲೇಜು ಮರೆಯಬೇಡಿ. ಊರಿನ ಪಶು ಆಸ್ಪತ್ರೆಯ ಡಾಕ್ಟರಿಗೆ ದನದ ಮೈಮೇಲಿನ ಉಣುಗು ಯಾವ ವಾರದಿಂದ ಶುರುವಾಯಿತು ಅಂತ ನಮಗಿಂತ ಮೊದಲೇ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ.

ನಾಲ್ಕನೇ ಹೆಜ್ಜೆ: ಯಾವ ಕೆಲಸಕ್ಕೆ ಯಾವ ಜಾಲ

ಎಲ್ಲ ಜಾಲವೂ ಒಂದೇ ಅಲ್ಲ. ಕೆಲವು ಜನರ ಚಳವಳಿ, ಕೆಲವು ವಿಜ್ಞಾನಿಗಳ ಕೂಟ, ಕೆಲವು ಸರ್ಕಾರಗಳ ಒಪ್ಪಂದ. ತಪ್ಪು ಬಾಗಿಲು ತಟ್ಟಿ ಬೇಸರ ಮಾಡಿಕೊಂಡವರು ತುಂಬಾ ಜನ ಇದ್ದಾರೆ.

ನಮ್ಮಂಥ ಸಣ್ಣ ಗುಂಪಿಗೆ ನಾನು ಮೊದಲು ಹೇಳುವುದು ಪೀಪಲ್ಸ್ ಹೆಲ್ತ್ ಮೂವ್‌ಮೆಂಟ್. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾದಲ್ಲಿ ಸೇರಿದ ದೇಶಗಳು 2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಅಂತ ಗುರಿ ಇಟ್ಟುಕೊಂಡವು. 2000 ಬಂತು, ಆರೋಗ್ಯ ಬರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಸಾವರ್‌ನಲ್ಲಿ, ಗೊಣೊಶಾಸ್ಥ್ಯ ಕೇಂದ್ರ ಅನ್ನುವ ಆರೋಗ್ಯ ಸಂಸ್ಥೆಯ ಆವರಣದಲ್ಲಿ, ಹಲವು ದೇಶಗಳ ಜನ ಸೇರಿ ಈ ಚಳವಳಿ ಕಟ್ಟಿದರು. ಇದರ ಜಾಗತಿಕ ಕಚೇರಿ 2003ರಿಂದ ಕೆಲವು ವರ್ಷ ನಮ್ಮ ಬೆಂಗಳೂರಿನಲ್ಲೇ ಇತ್ತು. ಭಾರತದಲ್ಲಿ ಇದರ ಕೊಂಡಿ ಜನ ಸ್ವಾಸ್ಥ್ಯ ಅಭಿಯಾನ, ಕರ್ನಾಟಕದಲ್ಲಿ ಜನಾರೋಗ್ಯ ಆಂದೋಲನ. ಅಂದರೆ ಈ ಬಾಗಿಲಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂದೆ ಸರಿಯುವವರಿಗೆ ಇದಕ್ಕಿಂತ ಒಳ್ಳೆಯ ಶುರು ನನಗೆ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಭೆ ಪ್ರತಿ ವರ್ಷ ಮೇ ತಿಂಗಳ ಹೊತ್ತಿಗೆ ಜಿನೀವಾದಲ್ಲಿ ನಡೆಯುತ್ತದೆ. ಅಲ್ಲಿ ಏನು ಮಾತಾಡುತ್ತಾರೆ ಅಂತ ಗಮನಿಸಲು ಈ ಚಳವಳಿ ಬೇರೆ ಬೇರೆ ದೇಶದ ಯುವಜನರನ್ನು ತರಬೇತಿ ಕೊಟ್ಟು ಕೂರಿಸುತ್ತದೆ.

ಮನುಷ್ಯ, ಪ್ರಾಣಿ, ಕಾಡು ಮೂರೂ ಸೇರಿದ ಕಾಯಿಲೆಗಾದರೆ "ಒನ್ ಹೆಲ್ತ್" ಅನ್ನುವ ಮಾತು ನೆನಪಿಡಿ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆ, ರೋಮ್‌ನ ಆಹಾರ ಮತ್ತು ಕೃಷಿ ಸಂಸ್ಥೆ, ಪ್ಯಾರಿಸ್‌ನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ, ನೈರೋಬಿಯ ವಿಶ್ವಸಂಸ್ಥೆ ಪರಿಸರ ಕಾರ್ಯಕ್ರಮ, ಈ ನಾಲ್ಕೂ ಇದರಲ್ಲಿ ಒಟ್ಟಿಗಿವೆ. ನೀವು ಅವರಿಗೆ ನೇರ ಬರೆದರೆ ಉತ್ತರ ಬರುವುದು ಕಷ್ಟ. ಅವರ ಜೊತೆ ಕೆಲಸ ಮಾಡುವ ಬೆಂಗಳೂರಿನ ಸಂಸ್ಥೆಗಳಿಗೆ ಬರೆಯಿರಿ. ಅವರಿಗೆ ಮಲೆನಾಡು ಬೇಕು, ನಿಮಗೆ ಅವರು ಬೇಕು.

ಹೊಸ ಕಾಯಿಲೆ ಎಲ್ಲಿ ಕಾಣಿಸಿತು ಅಂತ ತಿಳಿಯಲು ಪ್ರೊಮೆಡ್ ಅನ್ನುವ ಇಂಟರ್ನೆಟ್ ಸುದ್ದಿ ಜಾಲ ಇದೆ. 1994ರಲ್ಲಿ ಶುರುವಾಗಿದ್ದು. 2003ರ ಫೆಬ್ರವರಿ 10ರಂದು ಚೀನಾದ ಗುವಾಂಗ್‌ಝೌನಲ್ಲಿ ಏನೋ ಆಗುತ್ತಿದೆಯಂತೆ, ಯಾರಿಗಾದರೂ ಗೊತ್ತಾ ಅಂತ ಒಬ್ಬರು ಅಲ್ಲಿ ಕೇಳಿದ್ದು ಸಾರ್ಸ್‌ನ ಮೊದಲ ಸುಳಿವುಗಳಲ್ಲಿ ಒಂದು. ಒಂದು ಸಣ್ಣ ಪ್ರಶ್ನೆ, ಅಷ್ಟೇ.

ಯಾವ ಔಷಧಿ, ಯಾವ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆ ಅಂತ ನೋಡಲು ಕಾಕ್ರೇನ್. 1993ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಜಾಲ. ಪ್ರತಿ ವಿಮರ್ಶೆಗೂ ಸರಳ ಭಾಷೆಯ ಸಾರಾಂಶ ಇರುತ್ತದೆ, ಅದನ್ನು ಓದಲು ದುಡ್ಡಿಲ್ಲ. ಇಂಗ್ಲಿಷ್ ಬಲ್ಲ ಕಾಲೇಜು ಹುಡುಗರು ಅವರ ಸ್ವಯಂಸೇವಕರ ಕೆಲಸಕ್ಕೂ ಸೇರಬಹುದು. ಡಾಕ್ಟರೇ ಆಗಿರಬೇಕು ಅಂತಿಲ್ಲ. ಸಂಶೋಧನೆ ಓದುವುದು ಹೇಗೆ ಅಂತ ಕಲಿಯಲು ಇದು ಒಳ್ಳೆಯ ಅಭ್ಯಾಸ.

ನೀತಿಯ ಬಗ್ಗೆಯೇ ಕೆಲಸ ಮಾಡುವವರಿಗೆ ಹೆಲ್ತ್ ಸಿಸ್ಟಮ್ಸ್ ಗ್ಲೋಬಲ್ ಇದೆ. ಎರಡು ವರ್ಷಕ್ಕೊಮ್ಮೆ ದೊಡ್ಡ ಸಮಾವೇಶ ಮಾಡುತ್ತದೆ. 2024ರದ್ದು ಜಪಾನಿನ ನಾಗಸಾಕಿಯಲ್ಲಿ ಆಯಿತು. ಇದು ಸಂಶೋಧನೆ ಮಾಡುವವರಿಗೆ ಜಾಸ್ತಿ ಹೊಂದುತ್ತದೆ.

ಅರಕಲಗೂಡು ಕಡೆಯವರಿಗೆ ಒಂದು ಮುಖ್ಯ ವಿಷಯ. ತಂಬಾಕು ನಿಯಂತ್ರಣಕ್ಕೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, 2005ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಭಾರತ ಅದಕ್ಕೂ ಒಂದು ವರ್ಷ ಮೊದಲೇ ಒಪ್ಪಿ ಸಹಿ ಮುದ್ರೆ ಹಾಕಿತ್ತು. ಅದರ 17ನೇ ವಿಧಿ ಏನು ಹೇಳುತ್ತದೆ ಗೊತ್ತಾ? ಹೊಗೆಸೊಪ್ಪು ಬೆಳೆಯುವವರಿಗೆ, ಅದರಲ್ಲಿ ದುಡಿಯುವವರಿಗೆ ಬದುಕು ನಡೆಯುವಂಥ ಬೇರೆ ದಾರಿ ಸಿಗುವಂತೆ ಸರ್ಕಾರಗಳು ಸಹಾಯ ಮಾಡಬೇಕು ಅಂತ. 18ನೇ ವಿಧಿ ಅವರ ಆರೋಗ್ಯ ಮತ್ತು ಪರಿಸರದ ಬಗ್ಗೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲು ಇಟ್ಟುಕೊಂಡು ಕಾಯುವ ರೈತರಿಗೆ ಈ ವಿಧಿ ತಮ್ಮ ಪರವಾಗಿದೆ ಅಂತ ತಿಳಿಯಬೇಕು. ಸಿಗರೇಟು ಬಿಡಿ ಅನ್ನುವವರೆಲ್ಲ ತಮ್ಮ ಹೊಟ್ಟೆಗೆ ಹೊಡೆಯುವವರು ಅಂತ ಅವರಿಗೆ ಅನ್ನಿಸುವುದು ಸಹಜ. ಒಪ್ಪಂದದಲ್ಲಿ ಇರುವ ಮಾತನ್ನು ಹಿಡಿದು ಕೇಳಿದರೆ ಅದರ ತೂಕವೇ ಬೇರೆ.

ಜಾಲ ಒತ್ತಡ ಹಾಕಿದರೆ ಊರಿನವರೆಗೆ ಏನು ಬರುತ್ತದೆ ಅನ್ನುವುದಕ್ಕೆ ಹಾವಿನ ಕಡಿತವೇ ಸಾಕ್ಷಿ. ಬೇರೆ ಬೇರೆ ದೇಶದ ವೈದ್ಯರು, ವಿಜ್ಞಾನಿಗಳು ವರ್ಷಗಟ್ಟಲೆ ಕೂಗಿದ ಮೇಲೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2018ರಲ್ಲಿ ವಿಶ್ವ ಆರೋಗ್ಯ ಸಭೆ ನಿರ್ಣಯ ಮಾಡಿತು. 2019ರಲ್ಲಿ, 2030ರೊಳಗೆ ಸಾವು ಮತ್ತು ಅಂಗವೈಕಲ್ಯ ಅರ್ಧಕ್ಕೆ ಇಳಿಸುವ ಯೋಜನೆ ಬಂತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ತಂದಿತು. ಈಗ ನಮ್ಮ ತಾಲ್ಲೂಕು ಆಸ್ಪತ್ರೆ ಪ್ರತಿ ಕಡಿತವನ್ನೂ ಬರೆಯಬೇಕು. ಇನ್ನೂ ಆಗಬೇಕಾದ್ದು ಇದೆ. ನಮ್ಮ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ಮೇಲೆ ಮಾಡಿದ್ದು. ಪಶ್ಚಿಮ ಘಟ್ಟದ ತೋಟಗಳಲ್ಲಿರುವ ಹಂಪ್ ನೋಸ್ಡ್ ಗುಳಿ ಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಮೂಡಿಗೆರೆಯ ತೋಟದಲ್ಲಿ ಯಾವ ಹಾವು ಎಷ್ಟು ಜನರನ್ನು ಕಚ್ಚಿತು ಅಂತ ಸರಿಯಾಗಿ ಬರೆದ ಲೆಕ್ಕ ಈ ವಾದಕ್ಕೆ ಬಲ ಕೊಡುತ್ತದೆ.

ಐದನೇ ಹೆಜ್ಜೆ: ಮೊದಲ ಪತ್ರ

ಒಂದು ಪುಟ ಮೀರಬೇಡಿ. ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಇಂಗ್ಲಿಷ್ ಬಲ್ಲವರಿಂದ ಮಾಡಿಸಿ. ಫೋನಿನ ಅನುವಾದ ಸಾಕು ಅಂತ ಬಿಡಬೇಡಿ, "ಮುಸುವ" ಅಂತ ಬರೆದದ್ದು ಅಲ್ಲಿ ಏನಾಗಿ ಹೊರಬರುತ್ತದೋ ಹೇಳಲಾಗದು. ನಾವು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ನಾವು ಚಿಕ್ಕಮಗಳೂರು ಜಿಲ್ಲೆಯ ನಾಲ್ಕು ಹಳ್ಳಿಗಳಲ್ಲಿ ಕೆಲಸ ಮಾಡುವ ಆರು ಜನ. ಮೂರು ಬೇಸಿಗೆಯಿಂದ ಮಂಗ ಸತ್ತ ದಿನ ಮತ್ತು ಜಾಗ ಬರೆದಿಟ್ಟಿದ್ದೇವೆ. ಉಣುಗು ತೈಲವನ್ನು ಮನೆಯಲ್ಲಿ ಯಾರು ಹಚ್ಚುತ್ತಾರೆ, ಯಾರು ಹಚ್ಚುವುದಿಲ್ಲ ಅಂತ ಕೇಳಿದ್ದೇವೆ. ದರಗು ಗುಡಿಸುವ ಹೆಂಗಸರಿಗೆ ಅದು ತಲುಪುತ್ತಿಲ್ಲ ಅಂತ ಕಂಡಿದೆ. ನಮ್ಮ ಲೆಕ್ಕ ಸರಿಯಾಗಿದೆಯಾ ಅಂತ ನೋಡಲು, ಬೇರೆ ದೇಶಗಳಲ್ಲಿ ಇಂಥದ್ದನ್ನು ಹೇಗೆ ಸರಿಪಡಿಸಿದರು ಅಂತ ತಿಳಿಯಲು ನಿಮ್ಮ ಸಹಾಯ ಬೇಕು. ಹಣ ಕೇಳುತ್ತಿಲ್ಲ. ನಮ್ಮ ಹಳ್ಳಿಗಳ ಹೆಸರು ನಮ್ಮನ್ನು ಕೇಳದೆ ಎಲ್ಲೂ ಬರಬಾರದು."

ಕೊನೆಯ ಎರಡು ವಾಕ್ಯಗಳಿಗೆ ಬೆಲೆ ಜಾಸ್ತಿ. "ಹಣ ಕೇಳುತ್ತಿಲ್ಲ" ಅಂದ ಪತ್ರವನ್ನು ಜನ ಪೂರ್ತಿ ಓದುತ್ತಾರೆ. ಮೂರು ವಾರ ಕಾಯಿರಿ, ಒಂದು ಸಲ ನೆನಪಿಸಿ. ಉತ್ತರ ಬರದಿದ್ದರೆ ಬೇಸರ ಬೇಡ, ಬೇರೆಯವರಿಗೆ ಬರೆಯಿರಿ. ನಮಗೆ ಉತ್ತರ ಬಂದದ್ದು ನಾಲ್ಕನೇ ಪತ್ರಕ್ಕೆ.

ಇದರ ಜೊತೆಗೇ ಒಂದು ಎಚ್ಚರಿಕೆ. ನಿಮ್ಮ ಹೆಸರು ಎಲ್ಲಾದರೂ ಬಂದ ಮೇಲೆ "ನಮ್ಮ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ನೀವೇ ಮುಖ್ಯ ಭಾಷಣಕಾರರು" ಅಂತ ಮೇಲ್ ಬರುತ್ತದೆ. ಕೆಳಗೆ ನೋಂದಣಿ ಶುಲ್ಕ ಇರುತ್ತದೆ. ನಮ್ಮ ಗುಂಪಿನ ಒಬ್ಬ ಹುಡುಗಿ ಹಾಗೆ ದುಡ್ಡು ಕಟ್ಟಿ ಕಳೆದುಕೊಂಡಳು. ಅವಳ ಎರಡು ತಿಂಗಳ ಸಂಬಳ ಅದು. ಮುಖ್ಯ ಭಾಷಣಕಾರರಿಂದ ನಿಜವಾದ ಜಾಲ ದುಡ್ಡು ಕೇಳುವುದಿಲ್ಲ.

ಆರನೇ ಹೆಜ್ಜೆ: ಕೈಜೋಡಿಸುವ ಮೊದಲು ಕೇಳಬೇಕಾದದ್ದು

ಹೊರದೇಶದವರು ಒಪ್ಪಿದರು ಅಂದ ತಕ್ಷಣ ಹೂಂ ಅನ್ನಬೇಡಿ. ಜನರ ಮೇಲೆ ನಡೆಯುವ ಯಾವ ಆರೋಗ್ಯ ಅಧ್ಯಯನಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ವಿದೇಶದ ಜೊತೆ ಸೇರಿ ಮಾಡುವುದಾದರೆ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿಯೂ ಬೇಕು, ಅದನ್ನು ತರುವ ಕೆಲಸ ಭಾರತದ ಪಾಲುದಾರ ಸಂಸ್ಥೆಯದ್ದು. "ಎರಡೂ ಆಗಿದೆಯಾ, ಪತ್ರ ತೋರಿಸಿ" ಅಂತ ಕೇಳಲು ಸಂಕೋಚ ಪಡಬೇಡಿ. ರಕ್ತ ತೆಗೆಯುತ್ತಾರಾ? ಎಲ್ಲಿಗೆ ಕಳಿಸುತ್ತಾರೆ? ಉಣುಗು ಹಿಡಿದು ದೇಶದ ಹೊರಗೆ ಒಯ್ಯುತ್ತಾರಾ? ಅದಕ್ಕೆ 2002ರ ಜೀವವೈವಿಧ್ಯ ಕಾಯ್ದೆ ಇದೆ, ನಿಮ್ಮ ಪಂಚಾಯ್ತಿಯಲ್ಲೇ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಅದನ್ನು ಜಗಲಿಯಲ್ಲಿ ಕೂತು ಜೋರಾಗಿ ಓದಿ. ಕೇಳಿದ ಅಜ್ಜಿಗೆ ಅರ್ಥವಾಗದಿದ್ದರೆ ಅದು ಒಪ್ಪಿಗೆಯಲ್ಲ. ತಿದ್ದಿಸಿ. ಪ್ರಶ್ನಾವಳಿಗೂ ಇದೇ ಮಾತು. ಕಾಡಿನ ಪ್ರಶ್ನೆಯನ್ನು ನಾವು ಈಗ ನಾಲ್ಕಾಗಿ ಒಡೆದಿದ್ದೇವೆ: ಸೊಪ್ಪಿಗೆ, ದರಗಿಗೆ, ಸೌದೆಗೆ, ದನ ಹುಡುಕಲು. ಒಂದೊಂದಕ್ಕೂ "ವಾರದಲ್ಲಿ ಎಷ್ಟು ದಿನ?" ಉತ್ತರವೇ ಬದಲಾಯಿತು.

ದುಡ್ಡಿನ ವಿಷಯ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ನಿಮ್ಮ ಸಂಘ ವಿದೇಶದಿಂದ ಒಂದು ರೂಪಾಯಿ ದೇಣಿಗೆಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ನೋಂದಣಿಗೆ ಸಂಘ ಸಾಮಾನ್ಯವಾಗಿ ಮೂರು ವರ್ಷ ಹಳೆಯದಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಖರ್ಚು ತೋರಿಸಬೇಕು. ನೋಂದಣಿ ಇರುವ ದೊಡ್ಡ ಸಂಸ್ಥೆ ತಾನು ಪಡೆದದ್ದನ್ನು ನಿಮಗೆ ಹಂಚುವುದನ್ನೂ 2020ರ ತಿದ್ದುಪಡಿ ನಿಲ್ಲಿಸಿದೆ. ಯಾರಾದರೂ "ನಿಮ್ಮ ಸ್ವಂತ ಖಾತೆಗೆ ಹಾಕುತ್ತೇವೆ" ಅಂದರೆ ಬೇಡ ಅನ್ನಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರೂ ತೊಂದರೆ ನಿಮಗೇ. ನಾವು ಇವತ್ತಿನವರೆಗೆ ಹಣ ಮುಟ್ಟಿಲ್ಲ. ಬದಲಿಗೆ ತರಬೇತಿ ಕೇಳಿದೆವು, ನಮ್ಮ ಹಾಳೆಗಳನ್ನು ಲೆಕ್ಕ ಮಾಡಿಕೊಡಿ ಅಂತ ಕೇಳಿದೆವು, ವರದಿಯಲ್ಲಿ ಆಶಾ ಕಾರ್ಯಕರ್ತೆಯರ ಕೆಲಸ ಯಾವುದು ಅಂತ ಬರೆಯಿರಿ ಅಂದೆವು.

ಏಳನೇ ಹೆಜ್ಜೆ: ಆನ್‌ಲೈನ್ ಸಭೆ

ಲಂಡನ್ನಿನಲ್ಲಿ ಮಧ್ಯಾಹ್ನ ಮೂರು ಅಂದರೆ ನಮಗೆ ಅಲ್ಲಿನ ಚಳಿಗಾಲದಲ್ಲಿ ರಾತ್ರಿ ಎಂಟೂವರೆ, ಅಲ್ಲಿನ ಬೇಸಿಗೆಯಲ್ಲಿ ಏಳೂವರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಇದನ್ನು ಮೊದಲೇ ಅವರಿಗೆ ಹೇಳಿಡಿ. ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಶುರು ಮಾಡಿದರೆ ನಮ್ಮ ಹೆಂಗಸರಿಗೂ ಕೂರಲು ಆಗುತ್ತದೆ. ಆಶಾ ಕಾರ್ಯಕರ್ತೆ ಕನ್ನಡದಲ್ಲೇ ಮಾತಾಡಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಹೇಳಲಿ. ಸಭೆ ಎರಡರಷ್ಟು ಉದ್ದ ಆಗುತ್ತದೆ, ಆಗಲಿ.

ಎಂಟನೇ ಹೆಜ್ಜೆ: ಬಂದ ಉತ್ತರವನ್ನು ಊರಿಗೆ ಕೊಡಿ, ಪಂಚಾಯ್ತಿಯಲ್ಲಿ ಇಡಿ

ಹೊರಗಿನಿಂದ ಬಂದ ವರದಿ ನಲವತ್ತು ಪುಟ ಇರುತ್ತದೆ. ಅದನ್ನು ಒಂದು ಹಾಳೆ ಕನ್ನಡ ಮಾಡಿ. ನಮ್ಮ ಹಾಳೆಯಲ್ಲಿ ನಾಲ್ಕೇ ವಿಷಯ ಇದ್ದವು. ದರಗಿಗೆ ಹೋಗುವ ಮೊದಲು ತೈಲ ಹಚ್ಚಿ, ಉದ್ದ ತೋಳಿನ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿನೀರು, ಸೋಪು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಬಿದ್ದಿದ್ದರೆ ಆ ದಿನವೇ ತಿಳಿಸಿ. ಜ್ವರ, ತಲೆನೋವು, ಸೊಂಟನೋವು ಒಟ್ಟಿಗೆ ಬಂದರೆ ಮನೆಯಲ್ಲಿ ಕಾಯಬೇಡಿ. ಹಳೆಯ ಲಸಿಕೆ ಕೊಡುವುದು ನಿಂತಿದೆ, ಅದನ್ನು ನಂಬಿ ಕೂರುವಂತಿಲ್ಲ ಅನ್ನುವುದನ್ನೂ ಬಾಯಲ್ಲಿ ಹೇಳಿದೆವು. ಹಾಳೆಯನ್ನು ಹಾಲಿನ ಡೈರಿ, ರೇಷನ್ ಅಂಗಡಿ, ಅಡಿಕೆ ಸುಲಿಯುವ ಮನೆ ಅಂಗಳ, ಹೀಗೆ ಜನ ನಿಲ್ಲುವಲ್ಲಿ ಅಂಟಿಸಿ.

ನೀತಿ ಬದಲಾವಣೆಯ ಕೆಲಸ ಇಲ್ಲಿಂದಲೇ ಶುರು. ಗ್ರಾಮಸಭೆಯಲ್ಲಿ ನಾವು ಕೇಳಿದ್ದು ದೊಡ್ಡದೇನಲ್ಲ. ತೈಲವನ್ನು ಮನೆ ಯಜಮಾನನ ಕೈಗೆ ಕೊಡುವ ಬದಲು ದರಗಿಗೆ ಹೋಗುವವರ ಕೈಗೆ ಕೊಡಿ, ಡಿಸೆಂಬರ್ ಬರುವ ಮೊದಲೇ ಕೊಡಿ ಅಂತ. ಜೊತೆಗೆ ಮೂರು ವರ್ಷದ ಲೆಕ್ಕದ ಹಾಳೆ ಇಟ್ಟೆವು, ಹೊರದೇಶದವರು ನೋಡಿ ಸರಿಯಿದೆ ಅಂದ ಪತ್ರ ಇಟ್ಟೆವು. ನಿರ್ಣಯ ಆಯಿತು, ಅದರ ನಕಲು ತಾಲ್ಲೂಕು ಆರೋಗ್ಯಾಧಿಕಾರಿಗೆ ಹೋಯಿತು. ಮುಂದಿನ ನವೆಂಬರ್‌ನಲ್ಲಿ ಬಾಟಲಿ ಹಂಚುವ ಪಟ್ಟಿಯಲ್ಲಿ ಮೊದಲ ಸಲ ಹೆಂಗಸರ ಹೆಸರು ಬಂತು. ದೇವರ ಗೂಡಿನಲ್ಲಿ ಬಾಟಲಿ ಇಟ್ಟಿದ್ದ ಅಜ್ಜಿಯ ಸೊಸೆ ಅದನ್ನು ಈಗ ದರಗಿನ ಹೆಡಿಗೆಯ ಪಕ್ಕ, ಗೋಡೆಯ ಮೊಳೆಗೆ ಚೀಲದಲ್ಲಿ ನೇತು ಹಾಕಿದ್ದಾಳೆ.